ಅಗೆದ ಮೇಲೆ ಅನುಮತಿ: ಕೋಟೆನಾಡಿಗೆ ಇದರ ಅರ್ಥವೇನು?

ಪರಿಸರ ಅನುಮತಿ ಪಡೆಯದೆ ಶುರು ಮಾಡಿದ ಗಣಿಗೋ ಕಾರ್ಖಾನೆಗೋ ಕಟ್ಟಡಕ್ಕೋ ಆಮೇಲೆ ಅನುಮತಿ ಕೊಡಬಹುದೇ? 2025ರ ಮೇ 16ರಂದು ಸುಪ್ರೀಂ ಕೋರ್ಟ್ ‘ಕೂಡದು’ ಎಂದಿತು. ಆರು ತಿಂಗಳು ಕಳೆದು, ನವೆಂಬರ್ 18ರಂದು, ಅದೇ ಕೋರ್ಟು ಆ ತೀರ್ಪನ್ನು ಹಿಂಪಡೆದು ವಿಚಾರಣೆ ಹೊಸದಾಗಿ ನಡೆಯಲಿ ಎಂದಿತು. ಹಾಗಾದರೆ ಈಗ ಯಾವುದು ಕಾನೂನು? ಅನುಮತಿ ಇಲ್ಲದೆ ಅಗೆದವರು ತಪ್ಪಿತಸ್ಥರೋ, ದಂಡ ಕಟ್ಟಿದರೆ ಪಾರಾಗುವವರೋ?

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಕಡೆ ಅದಿರಿನ ಗಣಿಗಳಿವೆ. ದಾವಣಗೆರೆ ಸುತ್ತ ಕಲ್ಲುಕ್ವಾರಿ, ಕ್ರಷರ್‌ಗಳಿವೆ. ಹರಿಹರ, ಹೊನ್ನಾಳಿಯ ಕಡೆ ತುಂಗಭದ್ರೆಯ ಮರಳಿದೆ. ದೆಹಲಿಯ ತೀರ್ಪು ಇಲ್ಲಿ ಅಡಿಕೆ ತೋಟದ ಧೂಳಾಗಿಯೋ ಕೊಳವೆಬಾವಿಯ ನೀರಾಗಿಯೋ ಬಂದು ಮುಟ್ಟುತ್ತದೆ. ಪರಿಸರ ಕಾಯುವುದರಲ್ಲಿ ಕಾನೂನಿಗೆ ಎಷ್ಟು ಪಾಲು, ಶಿಕ್ಷಣಕ್ಕೆ ಎಷ್ಟು, ಜನರ ಧರ್ಮಬುದ್ಧಿಗೆ ಎಷ್ಟು ಎಂಬ ಹಳೆಯ ಪ್ರಶ್ನೆಯೂ ಇದರೊಳಗೇ ಇದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕು.

‘ಮುಂಚೆ’ ಎಂಬ ಒಂದು ಮಾತು

1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 1994ರಲ್ಲಿ ಮೊದಲು, 2006ರ ಸೆಪ್ಟೆಂಬರ್ 14ರಂದು ಇನ್ನಷ್ಟು ವಿಸ್ತಾರವಾಗಿ, ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಹೊರಡಿಸಿತು. ಅದರ ಜೀವ ಇರುವುದು ಒಂದೇ ಮಾತಿನಲ್ಲಿ: ಪೂರ್ವಾನುಮತಿ. ಭೂಮಿಗೆ ಗುದ್ದಲಿ ಹಾಕುವ ಮುಂಚೆ ಅಧ್ಯಯನ ಆಗಬೇಕು, ದೊಡ್ಡ ಯೋಜನೆಯಾದರೆ ಜನರ ಅಹವಾಲು ಕೇಳಬೇಕು, ತಜ್ಞರ ಸಮಿತಿ ನೋಡಬೇಕು. ಇಷ್ಟಾದ ಮೇಲೆ ಬೇಕೋ ಬೇಡವೋ ಎಂಬ ತೀರ್ಮಾನ. ‘ಬೇಡ’ ಎನ್ನುವ ಸಾಧ್ಯತೆ ಉಳಿದಿದ್ದರೆ ಮಾತ್ರ ಈ ಸರಣಿಗೆ ಅರ್ಥ. ಗುಡ್ಡ ಅರ್ಧ ಕರಗಿದ ಮೇಲೆ ಅಧ್ಯಯನ ಮಾಡಿದರೆ ಉಳಿದರ್ಧದ ಲೆಕ್ಕ ಸಿಗುತ್ತದೆ, ಅಷ್ಟೇ.

ಆದರೆ ಮುಂಚೆ ಕೇಳದವರು ದೇಶದಲ್ಲಿ ಬಹಳ ಮಂದಿ ಇದ್ದರು. ಅವರನ್ನೆಲ್ಲ ನಿಯಮದೊಳಗೆ ತರುತ್ತೇವೆ ಎಂದು ಕೇಂದ್ರ 2017ರ ಮಾರ್ಚ್ 14ರಂದು ಇನ್ನೊಂದು ಅಧಿಸೂಚನೆ ಹೊರಡಿಸಿ, ಅರ್ಜಿ ಹಾಕಲು ಆರು ತಿಂಗಳ ಅವಕಾಶ ಕೊಟ್ಟಿತು. ಒಂದು ಸಲದ ಅವಕಾಶವೆಂದು ಬಂದದ್ದು 2021ರ ಜುಲೈ 7ರ ಸುತ್ತೋಲೆಯಿಂದ ಕಾಯಂ ವ್ಯವಸ್ಥೆಯೇ ಆಯಿತು. ಮೇ ತಿಂಗಳಲ್ಲಿ ರದ್ದಾದದ್ದು ಈ ಎರಡೂ. ನವೆಂಬರ್‌ನಲ್ಲಿ ಜೀವ ಪಡೆದದ್ದೂ ಇವೇ ಎರಡು.

ಎರಡು ತೀರ್ಪು, ಎರಡು ಆತಂಕ

ಮೇ ತಿಂಗಳ ತೀರ್ಪು ಕೊಟ್ಟವರು ನ್ಯಾಯಮೂರ್ತಿ ಅಭಯ್ ಎಸ್. ಓಕಾ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್. ವನಶಕ್ತಿ ಎಂಬ ಸಂಸ್ಥೆ ಅರ್ಜಿದಾರ. ಕಾಮಗಾರಿಯ ನಂತರದ ಅನುಮತಿ ಎಂಬುದು ಪರಿಸರ ಕಾನೂನಿಗೇ ಹೊರತಾದದ್ದು, ಇನ್ನು ಮುಂದೆ ಯಾವ ಹೆಸರಿನಲ್ಲೂ ಅದನ್ನು ಕೊಡಕೂಡದು ಎಂದು ಪೀಠ ಹೇಳಿತು. ಅಲ್ಲಿಯತನಕ ಕೊಟ್ಟಿದ್ದ ಅನುಮತಿಗಳನ್ನು ಮಾತ್ರ ಮುಟ್ಟಲಿಲ್ಲ. ಇದು ಹೊಸ ನಿಲುವೂ ಅಲ್ಲ. 2017ರ ಆಗಸ್ಟ್ 2ರಂದು ಒಡಿಶಾದ ಗಣಿಗಳ ಕುರಿತ ಕಾಮನ್ ಕಾಸ್ ಪ್ರಕರಣದಲ್ಲಿ, 2020ರ ಏಪ್ರಿಲ್ 1ರಂದು ಗುಜರಾತಿನ ಅಲೆಂಬಿಕ್ ಪ್ರಕರಣದಲ್ಲಿ ಕೋರ್ಟು ಇದೇ ದಾರಿಯಲ್ಲಿ ನಡೆದಿತ್ತು.

ಆದರೆ ಇನ್ನೊಂದು ದಾರಿಯೂ ಇತ್ತು. 2021 ಮತ್ತು 2022ರ ಮೂರು ತೀರ್ಪುಗಳು, ಅದರಲ್ಲಿ ಒಂದು ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಕಕ್ಷಿದಾರನಾಗಿದ್ದ ಡಿ. ಸ್ವಾಮಿ ಪ್ರಕರಣ, ತೀರಾ ವಿಶೇಷ ಸಂದರ್ಭಗಳಲ್ಲಿ ನಂತರದ ಅನುಮತಿ ಕೊಡಬಹುದು ಎಂದಿದ್ದವು. ಬಿಲ್ಡರ್‌ಗಳ ಒಕ್ಕೂಟ ಕ್ರೆಡಾಯ್ ಹಾಕಿದ ಮರುಪರಿಶೀಲನಾ ಅರ್ಜಿಯಲ್ಲಿ ಬಹುಮತ ಹಿಡಿದದ್ದು ಈ ಎಳೆಯನ್ನೇ. ಅಂದಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಕೆ. ವಿನೋದ್ ಚಂದ್ರನ್, ಹಿಂದಿನ ಪೀಠ ಆ ತೀರ್ಪುಗಳನ್ನು ಸರಿಯಾಗಿ ಗಮನಕ್ಕೆ ತೆಗೆದುಕೊಂಡಿಲ್ಲ ಎಂದರು. ಸುಮಾರು 20 ಸಾವಿರ ಕೋಟಿ ರೂಪಾಯಿಯ ಸಾರ್ವಜನಿಕ ಯೋಜನೆಗಳನ್ನು ಕೆಡವಬೇಕಾದೀತು ಎಂಬ ಆತಂಕವೂ ಅವರದಾಗಿತ್ತು. ಒಡಿಶಾದಲ್ಲಿ 962 ಹಾಸಿಗೆಯ ಏಮ್ಸ್ ಆಸ್ಪತ್ರೆ ಅದಕ್ಕೆ ಕೊಟ್ಟ ಉದಾಹರಣೆಗಳಲ್ಲೊಂದು. ಕಟ್ಟಿದ್ದನ್ನು ಕೆಡವಿ, ಅದೇ ಜಾಗದಲ್ಲಿ ಅನುಮತಿ ಪಡೆದು ಮತ್ತೆ ಕಟ್ಟಿದರೆ ಪರಿಸರಕ್ಕೆ ಇನ್ನೂ ಹೆಚ್ಚು ಹಾನಿಯಲ್ಲವೇ ಎಂಬುದು ಅವರ ವಾದದ ತಿರುಳು.

ಮೂರನೆಯವರಾದ ನ್ಯಾಯಮೂರ್ತಿ ಭುಯಾನ್ ಒಪ್ಪಲಿಲ್ಲ. ಹಾನಿಗೆ ಮುಂಚೆ ಎಚ್ಚರ ವಹಿಸುವುದು ಪರಿಸರ ನ್ಯಾಯದ ಮೂಲಗಲ್ಲು. ಹಾಳು ಮಾಡಿದವನು ಹಣ ತೆರಬೇಕು ಎಂಬುದು ಆಮೇಲಿನ ಪರಿಹಾರ. ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದನ್ನು ಕೈಬಿಡಲಾಗದು ಎಂಬುದು ಅವರ ಭಿನ್ನಮತದ ಸಾರ. 1996ರ ವೆಲ್ಲೂರು ಚರ್ಮದ ಕಾರ್ಖಾನೆಗಳ ಪ್ರಕರಣದಿಂದಲೂ ಈ ಎರಡು ತತ್ವಗಳು ಭಾರತದ ಕಾನೂನಿನಲ್ಲಿ ಜೋಡಿಯಾಗಿವೆ. ಜೋಡಿಯಲ್ಲಿ ಯಾವುದು ಮುಂದೆ ನಡೆಯಬೇಕು ಎಂಬುದೇ ಈಗಿನ ಜಗಳ.

ನವೆಂಬರ್ ತೀರ್ಪು ‘ನಂತರದ ಅನುಮತಿ ಸರಿ’ ಎಂದು ಅಂತಿಮವಾಗಿ ಹೇಳಿದೆ ಎಂದು ತಿಳಿದವರಿದ್ದಾರೆ. ಹಾಗೆ ಹೇಳಿಲ್ಲ. ಮೇ ತಿಂಗಳ ತೀರ್ಪನ್ನು ಹಿಂಪಡೆದು, ಪ್ರಶ್ನೆಯನ್ನು ಮೊದಲಿನಿಂದ ಕೇಳಲು ಕಳಿಸಿದೆ.

ದಂಡದ ಲೆಕ್ಕ

2021ರ ಸುತ್ತೋಲೆ ಕೆಲವರು ಹೇಳುವಷ್ಟು ಸಡಿಲವಲ್ಲ. ಮುಂಚೆ ಕೇಳಿದ್ದರೂ ಅನುಮತಿ ಸಿಗದಂಥ ಯೋಜನೆಯಾದರೆ ಕೆಡವಬೇಕು ಎಂದು ಅದರಲ್ಲೇ ಇದೆ. ಅನುಮತಿ ಸಿಗಬಹುದಾಗಿದ್ದ ಯೋಜನೆಯಾದರೆ ಹಾನಿ ಸರಿಪಡಿಸುವ ಯೋಜನೆ ಕೊಡಬೇಕು, ಅದಕ್ಕೆ ಬ್ಯಾಂಕ್ ಗ್ಯಾರಂಟಿ ಇಡಬೇಕು, ಮೇಲೆ ದಂಡ ಕಟ್ಟಬೇಕು. ದಂಡ ಯೋಜನಾ ವೆಚ್ಚದ ಶೇ 1. ಕೆಲಸ ಶುರುವಾಗಿ ಉತ್ಪಾದನೆಯೂ ನಡೆದಿದ್ದರೆ ಉಲ್ಲಂಘನೆಯ ಅವಧಿಯ ವಹಿವಾಟಿನ ಶೇ 0.25 ಇದಕ್ಕೆ ಸೇರುತ್ತದೆ. ತಾನೇ ಬಂದು ಒಪ್ಪಿಕೊಂಡರೆ ಅರ್ಧ ರಿಯಾಯಿತಿ.

ಇದು ಎಷ್ಟಾಗುತ್ತದೆ? ಅರ್ಥವಾಗಲಿ ಎಂದು ಒಂದು ಕಲ್ಪಿತ ಗಣಿ ತೆಗೆದುಕೊಳ್ಳೋಣ. 20 ಕೋಟಿ ರೂಪಾಯಿ ಹೂಡಿದ್ದಾರೆ, ಅನುಮತಿ ಇಲ್ಲದ ಅವಧಿಯಲ್ಲಿ 100 ಕೋಟಿ ವಹಿವಾಟು ಮಾಡಿದ್ದಾರೆ ಎನ್ನಿ. ದಂಡ 20 ಲಕ್ಷ ಮತ್ತು 25 ಲಕ್ಷ, ಒಟ್ಟು 45 ಲಕ್ಷ. ತಾವೇ ಒಪ್ಪಿಕೊಂಡರೆ 22.5 ಲಕ್ಷ. ಇದೇ ಗಣಿಯನ್ನು 2017ರ ಕಾಮನ್ ಕಾಸ್ ತೀರ್ಪಿನ ತಕ್ಕಡಿಯಲ್ಲಿಟ್ಟರೆ, ಅನುಮತಿಯಿಲ್ಲದೆ ತೆಗೆದ ಅದಿರಿನ ಪೂರ್ತಿ ಬೆಲೆಯನ್ನು ಸರ್ಕಾರ ವಸೂಲು ಮಾಡಬೇಕು. ಎರಡು ಅಳತೆಗಳ ನಡುವಿನ ಅಂತರ ಇಷ್ಟಿರುವಾಗ, ಯಾವ ಅಳತೆ ತನಗೆ ಬೀಳುತ್ತದೆಂದು ಕಾದು ನೋಡುವ ಆಸೆ ಗಣಿಯವರಿಗೆ ಹುಟ್ಟುವುದು ಸಹಜ. ದಂಡ ಕಡಿಮೆಯಾದಷ್ಟೂ ಅದು ಶಿಕ್ಷೆಯಾಗಿ ಉಳಿಯದೆ ಖರ್ಚಿನ ಪಟ್ಟಿಯಲ್ಲಿ ಒಂದು ಬಾಬ್ತಾಗುತ್ತದೆ.

ಇದರ ಜೊತೆಗೆ 2023ರ ಜನವಿಶ್ವಾಸ ಕಾಯ್ದೆಯನ್ನೂ ನೆನೆಯಬೇಕು. ಪರಿಸರ ಸಂರಕ್ಷಣಾ ಕಾಯ್ದೆ ಮುರಿದರೆ ಮೊದಲು ಐದು ವರ್ಷದ ತನಕ ಜೈಲು ಇತ್ತು. 2024ರ ಏಪ್ರಿಲ್ 1ರಿಂದ ಅದರ ಜಾಗದಲ್ಲಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಹಳೆಯ ಕಾಯ್ದೆಯಲ್ಲಿ ಜೈಲಿಗೆ ಹೋದವರು ಬಹಳ ಕಡಿಮೆ ಎಂಬುದು ನಿಜ. ಆದರೂ ಎರಡನ್ನೂ ಒಟ್ಟಿಗೆ ನೋಡಿದರೆ ಕಾನೂನು ಯಾವ ಕಡೆಗೆ ವಾಲುತ್ತಿದೆ ಎಂಬುದು ಕಾಣುತ್ತದೆ: ತಡೆಯುವ ಕೆಲಸದಿಂದ ಬೆಲೆ ಕಟ್ಟುವ ಕೆಲಸದ ಕಡೆಗೆ.

ದುರ್ಗ ಇದನ್ನು ಒಮ್ಮೆ ಕಂಡಿದೆ

ಕಾನೂನು ತಡವಾಗಿ ಬಂದರೆ ಏನಾಗುತ್ತದೆ ಎಂದು ತಿಳಿಯಲು ಈ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಅಕ್ರಮ ಗಣಿಗಾರಿಕೆಯ ಬಗ್ಗೆ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ ಕೊನೆಗೆ ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಳು ನಿಂತವು. ಸರ್ವೆ ನಡೆಸಿ 166 ಗುತ್ತಿಗೆಗಳನ್ನು ಮೂರು ಗುಂಪು ಮಾಡಲಾಯಿತು: ಅಕ್ರಮ ಇಲ್ಲದ ಅಥವಾ ತೀರಾ ಅಲ್ಪವಿದ್ದ ‘ಎ’ ಗುಂಪಿನಲ್ಲಿ 45, ಮಿತಿಯೊಳಗೆ ಗಡಿ ಮೀರಿದ ‘ಬಿ’ಯಲ್ಲಿ 72, ಗಂಭೀರವಾಗಿ ಮೀರಿದ ‘ಸಿ’ಯಲ್ಲಿ 49. 2013ರ ಏಪ್ರಿಲ್ 18ರಂದು ‘ಸಿ’ ಗುಂಪಿನ ಗುತ್ತಿಗೆಗಳು ರದ್ದಾದವು. ಉಳಿದವರು ಪುನಶ್ಚೇತನದ ಯೋಜನೆ ಒಪ್ಪಿ, ಷರತ್ತು ಪೂರೈಸಿದ ಮೇಲೆಯೇ ಗಣಿ ತೆರೆಯಬೇಕೆಂದಾಯಿತು.

ದೇಶದ ಗಣಿ ಇತಿಹಾಸದಲ್ಲಿ ಇಷ್ಟು ಕಟ್ಟುನಿಟ್ಟಾದ ಕ್ರಮ ಅಪರೂಪ. ಇದನ್ನು ಮೆಚ್ಚಲೇಬೇಕು. ಆದರೆ ಬೆಲೆ ತೆತ್ತವರು ಯಾರು? ಗಣಿ ನಿಂತ ತಿಂಗಳುಗಳಲ್ಲಿ ಸಾಲ ಮಾಡಿ ಲಾರಿ ಕೊಂಡವರ ಕಂತು ನಿಲ್ಲಲಿಲ್ಲ, ದಿನಗೂಲಿಯವರ ಒಲೆ ಆರಿತು. ಮಾಲೀಕರಿಗೆ ವಕೀಲರಿದ್ದರು, ಇವರಿಗೆ ಇರಲಿಲ್ಲ. ‘ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎನ್ನುತ್ತಾರಲ್ಲ, ತಡವಾಗಿ ಹಾಕಿದ ಬಾಗಿಲು ಕೊಳ್ಳೆ ಹೊಡೆದವರನ್ನು ಹಿಡಿಯುವುದಕ್ಕಿಂತ ಒಳಗೆ ಉಳಿದ ಬಡವರನ್ನೇ ಕೂಡಿಹಾಕುತ್ತದೆ. ಮುಂಚಿನ ಅನುಮತಿ ಗಿಡಮರಕ್ಕೆ ಮಾತ್ರವಲ್ಲ, ಕೂಲಿಯವರಿಗೂ ರಕ್ಷಣೆ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ.

ಆಮೇಲಿನದು ಉತ್ಪಾದನೆಯ ಮಿತಿ. 2013ರಲ್ಲಿ ಚಿತ್ರದುರ್ಗ ಮತ್ತು ತುಮಕೂರು ಎರಡಕ್ಕೂ ಸೇರಿ ವರ್ಷಕ್ಕೆ 50 ಲಕ್ಷ ಟನ್ ಇತ್ತು. 2017ರಲ್ಲಿ 70 ಲಕ್ಷ ಟನ್ ಆಯಿತು. 2022ರ ಆಗಸ್ಟ್‌ನಲ್ಲಿ ಒಂದೂವರೆ ಕೋಟಿ ಟನ್. ಒಂಬತ್ತು ವರ್ಷದಲ್ಲಿ ಮೂರು ಪಟ್ಟು. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಇದೆ, ಅದಕ್ಕೆಂದೇ ನಿಗಮ ಇದೆ, ಮೇಲ್ವಿಚಾರಣೆಗೆ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಹಣಕ್ಕೆ ಕೊರತೆಯಿಲ್ಲ ಎಂಬುದು ಸ್ಪಷ್ಟ. ಇಷ್ಟು ಹಣವಿದ್ದೂ ಹೋದ ಗುಡ್ಡ ವಾಪಸ್ ಬರುವುದಿಲ್ಲ ಎಂಬುದೂ ಅಷ್ಟೇ ಸ್ಪಷ್ಟ.

ಕಟ್ಟಡ ಬೇರೆ, ಬೆಟ್ಟ ಬೇರೆ

ನನ್ನ ತಕರಾರು ಇಲ್ಲಿದೆ. ನವೆಂಬರ್ ತೀರ್ಪಿನ ಬಹುಮತ ಕೊಟ್ಟ ಉದಾಹರಣೆಗಳಲ್ಲಿ ಎದ್ದು ಕಾಣುವುದು ಕಟ್ಟಡಗಳು: ಆಸ್ಪತ್ರೆ, ವಿಮಾನ ನಿಲ್ದಾಣ. ಇವುಗಳ ವಿಷಯದಲ್ಲಿ ಅವರ ಮಾತನ್ನು ತಳ್ಳಿಹಾಕಲಾಗದು. ಅನುಮತಿ ಇಲ್ಲದೆ ಕಟ್ಟಿದ ಆಸ್ಪತ್ರೆಗೆ ಆಮೇಲೆ ಕೊಳಚೆ ಶುದ್ಧೀಕರಣ ಘಟಕ ಹಾಕಿಸಬಹುದು, ಮಳೆನೀರು ಕೊಯ್ಲು ಮಾಡಿಸಬಹುದು, ತಪ್ಪು ಮಾಡಿದ ಅಧಿಕಾರಿಯ ಮೇಲೆ ಕ್ರಮ ಕೈಗೊಳ್ಳಬಹುದು. ರೋಗಿಗಳನ್ನು ಹೊರಗೆ ಹಾಕಿ ಗೋಡೆ ಕೆಡವಿದರೆ ಯಾರಿಗೂ ಒಳ್ಳೆಯದಾಗದು.

ಗಣಿಯ ಸ್ವಭಾವ ಇದಲ್ಲ. ಅದಿರಿರುವ ಗುಡ್ಡಗಳು ಮಳೆನೀರು ಹೀರಿ ಕೆಳಗಿನ ಹಳ್ಳ, ಕೆರೆಗಳಿಗೆ ಬಿಡುತ್ತವೆ. ಮೇಲಿನ ಪದರ ತೆಗೆದರೆ ನೀರು ಇಂಗುವ ಬದಲು ಹರಿಯುತ್ತದೆ, ಹರಿಯುವಾಗ ಸಡಿಲ ಮಣ್ಣನ್ನು ಹೊತ್ತು ತರುತ್ತದೆ, ಆ ಮಣ್ಣು ಕೆರೆಯಂಗಳದಲ್ಲಿ ಹೂಳಾಗಿ ಕೂರುತ್ತದೆ. ಕೆರೆಯಲ್ಲಿ ನೀರು ನಿಲ್ಲದಿದ್ದರೆ ಅಚ್ಚುಕಟ್ಟಿನ ಕೊಳವೆಬಾವಿಗಳು ಇನ್ನೂ ಆಳಕ್ಕೆ ಹೋಗಬೇಕು. ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಅಂಥ ತೋಟದ ಸೀಮೆಯಲ್ಲಿ ಅದಿರು ಲಾರಿ ಓಡಾಡಿದರೆ ಕೆಂಧೂಳು ಸೋಗೆಯ ಮೇಲೂ ಹಿಂಗಾರದ ಮೇಲೂ ಕೂರುತ್ತದೆ. ಈ ಸರಪಳಿಯ ಯಾವ ಕೊಂಡಿಯನ್ನೂ ದಂಡದ ಹಣ ಹಿಂದಕ್ಕೆ ತಿರುಗಿಸುವುದಿಲ್ಲ. ಹಾಗಾಗಿ ಹೊಸ ವಿಚಾರಣೆಯಲ್ಲಿ ಕಟ್ಟಡಕ್ಕೂ ಗಣಿಗೂ ಒಂದೇ ನಿಯಮ ಹಾಕದೆ, ಮರಳಿ ಕಟ್ಟಲಾಗದ ನಷ್ಟ ಎಲ್ಲಿದೆಯೋ ಅಲ್ಲಿ ನಂತರದ ಅನುಮತಿ ಇಲ್ಲವೇ ಇಲ್ಲ ಎಂದಾಗಬೇಕು.

ಎದುರು ವಾದವನ್ನೂ ಕೇಳಬೇಕು. ಸಣ್ಣ ಕ್ವಾರಿಗಳವರ ಮಾತಿನಲ್ಲಿ ಸತ್ಯವಿದೆ. ಐದು ಹೆಕ್ಟೇರಿಗಿಂತ ಕಡಿಮೆ ಇರುವ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಎಂದಾದದ್ದು 2012ರ ಫೆಬ್ರವರಿಯ ದೀಪಕ್ ಕುಮಾರ್ ತೀರ್ಪಿನ ನಂತರ. ಅದಕ್ಕಿಂತ ಮುಂಚೆ ಪಟ್ಟಾ ಪಡೆದು ಕಲ್ಲು ಒಡೆಯುತ್ತಿದ್ದವರು ಒಂದು ಬೆಳಗ್ಗೆ ಉಲ್ಲಂಘನೆ ಮಾಡಿದವರಾದರು. ಅವರನ್ನೂ, ಗೊತ್ತಿದ್ದೂ ಗಡಿಕಲ್ಲು ಕಿತ್ತು ಅಗೆದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಈ ಸೀಮೆಯ ಜನರಿಗೆ ‘ಅನುಮತಿ’ ಎಂಬ ಮಾತೇ ಬೇಸರ ತರಿಸುವುದಕ್ಕೂ ಕಾರಣವಿದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023-24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದ ಮೇಲೂ ಕಾಯುತ್ತಿರುವವರಿಗೆ ಕಡತವೆಂದರೆ ವಿಳಂಬ ಎಂದೇ ಅನಿಸುತ್ತದೆ. ಸರ್ಕಾರ ಅನುಮತಿಯ ಅರ್ಜಿಗಳನ್ನು ಹೊತ್ತಿಗೆ ಸರಿಯಾಗಿ ತೀರ್ಮಾನಿಸಿದರೆ ‘ಕಾದು ಸಾಕಾಯಿತು, ಶುರು ಮಾಡಿದೆವು’ ಎಂಬ ನೆಪಕ್ಕೆ ಜಾಗ ಇರುವುದಿಲ್ಲ.

ಕೋರಂ ಬೇಡದ ಸಭೆ

ಮುಂಚಿನ ಅನುಮತಿ ಕಡ್ಡಾಯವಾದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ಶಿಕ್ಷಣದ ಪ್ರಶ್ನೆ ಬರುವುದು ಇಲ್ಲಿ.

ದೊಡ್ಡ ಗಣಿಗೆ ಅನುಮತಿ ಕೊಡುವ ಮುನ್ನ ಸ್ಥಳದಲ್ಲೋ ಹತ್ತಿರದಲ್ಲೋ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ನಡೆಸುತ್ತದೆ. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿರಬೇಕು. ಪೂರ್ತಿ ಕಲಾಪದ ವಿಡಿಯೊ ಆಗಬೇಕು. ಆದರೆ ನಿಯಮದಲ್ಲಿ ಇನ್ನೊಂದು ಸಾಲಿದೆ: ಈ ಸಭೆಗೆ ಕೋರಂ ಬೇಕಿಲ್ಲ. ಐದು ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ.

ಬಂದವರು ಏನು ಕೇಳುತ್ತಾರೆ ಎಂಬುದು ಇನ್ನೂ ಮುಖ್ಯ. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳುವುದು ಕೆಲಸ, ರಸ್ತೆ, ದೇವಸ್ಥಾನದ ಕಾಂಪೌಂಡು, ಶಾಲೆಗೆ ಕೊಠಡಿ. ಇವು ನ್ಯಾಯವಾದ ಬೇಡಿಕೆಗಳೇ. ಆದರೆ ಸಭೆ ಇರುವುದು ವರದಿಯನ್ನು ಪ್ರಶ್ನಿಸುವುದಕ್ಕೆ. ಆ ವರದಿ ಬರೆಯುವ ಸಲಹಾ ಸಂಸ್ಥೆಗೆ ಹಣ ಕೊಡುವವರು ಗಣಿಯವರೇ. ಅದನ್ನು ಪರೀಕ್ಷಿಸಬಲ್ಲ ಕಣ್ಣು ಊರಿನಲ್ಲಿ ಇರಲೇಬೇಕು.

ಒಂದು ಉದಾಹರಣೆ ಸಾಕು. ಗಣಿ ಯೋಜನೆಗಳಿಗೆ ಗಾಳಿಯ ಮೂಲ ಅಳತೆಯನ್ನು ಒಂದು ಋತುವಿನಲ್ಲಿ ಮಾಡಿದರೆ ಸಾಕು, ಅದು ಮುಂಗಾರು ಅಲ್ಲದ ಋತುವಾಗಿರಬೇಕು ಎಂಬುದು ನಿಯಮ. ಮಳೆಯಲ್ಲಿ ಧೂಳು ಅಡಗುತ್ತದೆ, ಅಳತೆ ಕಡಿಮೆ ತೋರಿಸುತ್ತದೆ ಎಂಬ ಒಳ್ಳೆಯ ಕಾರಣಕ್ಕೇ ಹಾಗೆ ಮಾಡಿದ್ದು. ದೇಶದ ಬಹುಪಾಲು ಕಡೆಗೆ ಇದು ಸರಿ. ಚಿತ್ರದುರ್ಗಕ್ಕೆ ಸರಿಯೇ? ಇಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಮಳೆ ಕಡಿಮೆ, ಗಾಳಿ ಜಾಸ್ತಿ. ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಅದಕ್ಕಾಗಿಯೇ. ಆಷಾಢದ ಗಾಳಿಗೆ ಗಣಿಯ ಧೂಳು ಎಷ್ಟು ದೂರ ಹೋಗುತ್ತದೆ ಎಂಬ ಪ್ರಶ್ನೆಗೆ ಚಳಿಗಾಲದ ಅಳತೆಯಲ್ಲಿ ಉತ್ತರವಿರುವುದಿಲ್ಲ. ಈ ಊರಿನ ಯಾವ ರೈತನಿಗೂ ಆಷಾಢದ ಗಾಳಿಯ ಬಗ್ಗೆ ಹೇಳಿಕೊಡಬೇಕಿಲ್ಲ. ವರದಿಯಲ್ಲಿ ಅದನ್ನು ಬಿಟ್ಟಿದ್ದಾರೆ ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ. ‘ಜೂನ್, ಜುಲೈ ಅಳತೆ ಎಲ್ಲಿ ಸ್ವಾಮಿ?’ ಎಂದು ಒಬ್ಬರು ಕೇಳಿ ಅದು ಕಲಾಪದಲ್ಲಿ ದಾಖಲಾದರೆ ತಜ್ಞರ ಸಮಿತಿ ಅದಕ್ಕೆ ಉತ್ತರ ಪಡೆಯಲೇಬೇಕು.

ಪಾಠದಲ್ಲಿ ಊರಿಲ್ಲ

ಪರಿಸರ ಶಿಕ್ಷಣ ಬೇಕೆಂದು ಕೋರ್ಟು ಹೇಳಿ ಬಹಳ ಕಾಲವಾಯಿತು. 1991ರ ನವೆಂಬರ್ 22ರಂದು ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ, ಶಾಲಾ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಆದೇಶವಾಯಿತು. ಪದವಿಯ ಎಲ್ಲ ವಿಭಾಗಗಳಿಗೂ ಆರು ತಿಂಗಳ ಪರಿಸರ ಅಧ್ಯಯನ ಬಂತು. ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಿಗೆ ಹೆಸರಾದ ದಾವಣಗೆರೆಯಲ್ಲಿ ಪ್ರತಿ ವರ್ಷ ಸಾವಿರಾರು ಮಕ್ಕಳು ಈ ಪತ್ರಿಕೆ ಬರೆದು ಪಾಸಾಗುತ್ತಾರೆ.

ಆ ಪತ್ರಿಕೆಯಲ್ಲಿ ಓಜೋನ್ ಪದರವಿದೆ, ಹಸಿರುಮನೆ ಪರಿಣಾಮವಿದೆ, ಅಮೆಜಾನ್ ಕಾಡಿದೆ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ಒಂದು ವನ್ಯಧಾಮವಿದೆ ಎಂಬುದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತಿರಬಹುದು? ಗಾಳಿಯಲ್ಲಿನ ಧೂಳಿನ ಕಣ, ಪಿಎಂ 10 ಎನ್ನುವುದು, 24 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು ಎಂಬುದು 2009ರಿಂದ ದೇಶದ ಮಾನದಂಡ. ಈ ಒಂದು ಸಂಖ್ಯೆ ಗೊತ್ತಿದ್ದರೆ ಹತ್ತನೇ ತರಗತಿಯ ಹುಡುಗಿ ತನ್ನ ಊರಿನ ಗಣಿಯ ವರದಿಯಲ್ಲಿ ಆ ಕೋಷ್ಟಕ ಹುಡುಕಿ ಅಪ್ಪನಿಗೆ ಓದಿ ಹೇಳಬಲ್ಲಳು. ಪರಿಸರ ದಿನಕ್ಕೆ ಸಸಿ ನೆಡಿಸುವುದು ಒಳ್ಳೆಯದೇ. ಆದರೆ ಸಸಿ ನೆಡಲು ಕಲಿತ ಮಗು ನಾಗರಿಕನಾಗುವ ಹೊತ್ತಿಗೆ ಪ್ರಕಟಣೆ ಓದಲು, ಆಕ್ಷೇಪಣೆ ಬರೆಯಲು ಬಾರದಿದ್ದರೆ ಆ ಶಿಕ್ಷಣ ಅರ್ಧಕ್ಕೇ ನಿಂತಿತು ಎಂದೇ ಅರ್ಥ.

ಕಾವಲಿನ ಹುಲ್ಲು, ದೇವರ ಎತ್ತು

ಇನ್ನು ನೀತಿಯ ಮಾತು. ಇದನ್ನು ಪುಸ್ತಕದಿಂದ ತರಬೇಕಾಗಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಮೇಯಿಸುತ್ತಾರೆ, ಸತ್ತರೆ ಗೌರವದಿಂದ ಮಣ್ಣು ಮಾಡುತ್ತಾರೆ. ಬರಗಾಲ ಬಂದರೆ ಊರೂರಿನವರು ಮೇವು ಕಳಿಸುತ್ತಾರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಯಲ್ಲಿ, ಮನುಷ್ಯರಿಗೇ ಕಷ್ಟವಿರುವಾಗ, ಲಾಭ ಕೊಡದ ದನವನ್ನು ಸಾಕುವುದೆಂದರೆ ಕೆಲವು ವಸ್ತುಗಳಿಗೆ ಬೆಲೆ ಕಟ್ಟಬಾರದು ಎಂಬ ತೀರ್ಮಾನ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರು ಕೆರೆ ಕಟ್ಟಿಸಿದ ಕತೆಯೂ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತೂ ಇಲ್ಲಿ ಮನೆಮನೆಗೆ ಗೊತ್ತು. ದುಡಿದಷ್ಟೇ ಪಡೆಯಬೇಕು, ಪಡೆದದ್ದು ಊರಿನ ನೀರಿಗಾಗಿ ಇರಬೇಕು ಎಂಬ ಲೆಕ್ಕ ಅದು.

ಆದರೆ ನೀತಿ ಒಂದೇ ಇದ್ದರೆ ಎಷ್ಟು ನಡೆಯುತ್ತದೆ ಎಂಬುದಕ್ಕೂ ಅದೇ ಚಳ್ಳಕೆರೆ ಸಾಕ್ಷಿ. ಅಮೃತಮಹಲ್ ಎಂಬ ದನದ ತಳಿಗೆ ಮೈಸೂರು ಅರಸರ ಕಾಲದಿಂದ ಮೀಸಲಾಗಿದ್ದ ಕಾವಲುಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ಸುಮಾರು 10 ಸಾವಿರ ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ದನ, ಕುರಿ ಮೇಯಿಸುವವರಿಗೆ, ಕಂಬಳಿ ನೇಯುವವರಿಗೆ ಆ ಹುಲ್ಲೇ ಬದುಕಾಗಿತ್ತು. ಕೃಷ್ಣಮೃಗಕ್ಕೂ ಅದೇ ಮನೆ. ಹಳ್ಳಿಗಳಿಗೆ ವಿಷಯ ಪೂರ್ತಿ ಮನವರಿಕೆಯಾದದ್ದು ಗೋಡೆ ಏಳತೊಡಗಿದಾಗ. 1969ರ ಕರ್ನಾಟಕ ಅರಣ್ಯ ನಿಯಮಗಳು ಅಮೃತಮಹಲ್ ಕಾವಲನ್ನು ಜಿಲ್ಲಾ ಅರಣ್ಯವೆಂದು ಗುರುತಿಸುತ್ತವೆ. ಆ ಕಾನೂನಿನ ಬೆಂಬಲ ಹುಡುಕಿಕೊಂಡು ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಗುವ ಹೊತ್ತಿಗೆ ಹಂಚಿಕೆ ಮುಗಿದಿತ್ತು. ಕಾವಲಿನ ಬಗ್ಗೆ ಇಷ್ಟು ಗೌರವವಿದ್ದ ಜನ, ಅದರ ದಾಖಲೆ ಏನು ಹೇಳುತ್ತದೆಂದು ತಿಳಿಯುವ ದಾರಿಯಿಲ್ಲದೆ ಸೋತರು. ವಿಜ್ಞಾನ ಸಂಸ್ಥೆಗಳು ದೇಶಕ್ಕೆ ಬೇಕು. ಜನರನ್ನು ಮುಂಚೆ ಕೇಳಿದ್ದರೆ ಗೋಡೆ ಎಲ್ಲಿ ಏಳಬೇಕು, ದನದ ದಾರಿ ಎಲ್ಲಿ ಉಳಿಯಬೇಕು ಎಂಬ ಮಾತುಕತೆಯಾದರೂ ಆಗುತ್ತಿತ್ತು.

ಹೊಳೆ ಕಲಿಸಿದ್ದು

ನೀತಿ, ಕಾನೂನು, ತಿಳಿವಳಿಕೆ ಮೂರೂ ಒಟ್ಟಿಗೆ ಕೂಡಿದ ಒಂದು ಪ್ರಸಂಗವೂ ಈ ಸೀಮೆಯ ಪಕ್ಕದಲ್ಲೇ ಇದೆ. 1980ರ ದಶಕದಲ್ಲಿ ಹರಿಹರದ ಎದುರು ದಂಡೆಯಲ್ಲಿ, ಕುಮಾರಪಟ್ಟಣದ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆಯ ಮೀನು ಸತ್ತು ತೇಲಿದವು. ಜಲ ಮಾಲಿನ್ಯ ಕಾಯ್ದೆ ಬಂದು ಆಗಲೇ ಹತ್ತು ವರ್ಷವಾಗಿತ್ತು, ಅದು ತಾನಾಗಿ ಏನನ್ನೂ ಮಾಡಲಿಲ್ಲ. ಹೊಳೆಯನ್ನೇ ನಂಬಿದ್ದ ಮೀನುಗಾರರು, ದಂಡೆಯ ಹಳ್ಳಿಯವರು ಎದ್ದರು. ಎಸ್.ಆರ್. ಹಿರೇಮಠರು ಮತ್ತು ಸಂಗಡಿಗರು ಕಟ್ಟಿದ ಸಮಾಜ ಪರಿವರ್ತನ ಸಮುದಾಯ ಜನರ ಸಿಟ್ಟಿಗೆ ದಾಖಲೆಯ ಬಲ ಕೊಟ್ಟಿತು. ಹೊಳೆ ದಂಡೆಯಲ್ಲಿ ಕಾನೂನಿನ ಭಾಷೆ ಕಲಿತ ಅದೇ ಸಂಸ್ಥೆ 25 ವರ್ಷದ ನಂತರ ಗಣಿ ಪ್ರಕರಣ ಹಿಡಿದು ಸುಪ್ರೀಂ ಕೋರ್ಟಿಗೆ ಹೋದದ್ದು.

ಮುಂದೇನು?

ಹೊಸ ವಿಚಾರಣೆ ಮುಗಿಯುವತನಕ 2017 ಮತ್ತು 2021ರ ವ್ಯವಸ್ಥೆ ಮುಂದುವರಿಯುತ್ತದೆ. ಅನುಮತಿಯಿಲ್ಲದೆ ನಡೆಯುತ್ತಿರುವ ಕ್ವಾರಿ, ಅನುಮತಿಯ ಮಿತಿಗಿಂತ ಹೆಚ್ಚು ಅದಿರು ತೆಗೆದ ಗಣಿ, ಎರಡರಿಂದಲೂ ಅರ್ಜಿಗಳು ಹೆಚ್ಚಬಹುದು. ಪರಿಸರ ಅನುಮತಿ ಕೊಡುವ ರಾಜ್ಯ ಮಟ್ಟದ ಪ್ರಾಧಿಕಾರದ ಮೇಲೆ ಒತ್ತಡ ಏರುತ್ತದೆ. ಚಿತ್ರದುರ್ಗ, ತುಮಕೂರಿನ ಉತ್ಪಾದನಾ ಮಿತಿ ಮೂರು ಪಟ್ಟಾಗಿರುವುದರಿಂದ ವಿಸ್ತರಣೆಯ ಅಹವಾಲು ಸಭೆಗಳೂ ಹೆಚ್ಚು ನಡೆಯುತ್ತವೆ.

ಊರಿನವರ ಕೈಯಲ್ಲಿ ಆಗಲೇ ಇರುವ, ಆದರೆ ಬಳಕೆಯಾಗದ ಕೆಲವು ಹಿಡಿಕೆಗಳಿವೆ. ಅನುಮತಿ ಸಿಕ್ಕ ಮೇಲೆ ಅದರ ಪ್ರತಿಯನ್ನು ಗಣಿಯವರು ಸ್ಥಳೀಯ ಪಂಚಾಯಿತಿಗೆ ಕೊಡಬೇಕು, ಪಂಚಾಯಿತಿ ಅದನ್ನು 30 ದಿನ ಪ್ರದರ್ಶಿಸಬೇಕು. ಆ ಅನುಮತಿಯನ್ನು ಪ್ರಶ್ನಿಸಿ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು ಇರುವುದೂ 30 ದಿನವೇ, ತಕ್ಕ ಕಾರಣವಿದ್ದರೆ ಇನ್ನು 60 ದಿನ. ಪತ್ರ ಪಿಡಿಒ ಮೇಜಿನ ಕಡತದಲ್ಲೇ ಉಳಿದರೆ ಆ ದಿನಗಳು ಹಾಗೆಯೇ ಕಳೆದುಹೋಗುತ್ತವೆ. ಷರತ್ತುಗಳನ್ನು ಪಾಲಿಸಿದ ಬಗ್ಗೆ ಪ್ರತಿ ಗಣಿಯೂ ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ರಂದು, ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ರಸ್ತೆಗೆ ದಿನಕ್ಕೆ ಎಷ್ಟು ಸಲ ನೀರು ಹೊಡೆಸಿದರು, ಎಷ್ಟು ಸಸಿ ಉಳಿಯಿತು, ಧೂಳಿನ ಅಳತೆ ಎಷ್ಟು ಬಂತು ಎಂಬುದೆಲ್ಲ ಅದರಲ್ಲಿರಬೇಕು. ಜೂನ್ 1ರ ಹೊತ್ತಿಗೆ ಬೇಸಿಗೆ ರಜೆ ಮುಗಿದು ಶಾಲೆ ತೆರೆದಿರುತ್ತದೆ. ಜೂನ್ 5ಕ್ಕೆ ಅಂಗಳದಲ್ಲಿ ಸಸಿ ನೆಡಿಸುವ ಶಿಕ್ಷಕರು, ನಾಲ್ಕು ದಿನ ಮುಂಚೆ ಸಲ್ಲಿಕೆಯಾದ ಆ ವರದಿಯ ಒಂದು ಪುಟವನ್ನು ತರಗತಿಯಲ್ಲಿ ಓದಿಸಬಹುದು. ಅದರಲ್ಲಿ ಬರೆದ ರಸ್ತೆ ಮಕ್ಕಳು ದಿನಾ ನಡೆದು ಬರುವ ರಸ್ತೆಯೇ ಆಗಿರುತ್ತದೆ.